ಕೋಳಿಯ ಸಣ್ಣ ಕರುಳಿನ ಸ್ಲೈಡು: ವಿಲ್ಲೈ ಅಳೆಯಲು, ಲೋಳೆ ಸುರಿಸುವ ಗಾಬ್ಲೆಟ್ ಕೋಶ ಎಣಿಸಲು

ಹಕ್ಕಿ ಸತ್ತ ಕೂಡಲೇ ಕರುಳಿನ ಒಳಪದರ ತನ್ನದೇ ಕಿಣ್ವಗಳಿಂದ ಕರಗತೊಡಗುತ್ತದೆ, ಅದರಲ್ಲೂ ವಿಲ್ಲೈ (ಒಳಪದರದ ಬೆರಳಿನಂಥ ಸಣ್ಣ ಚಾಚುಗಳು, ಒಂದಾದರೆ ವಿಲ್ಲಸ್) ತುದಿಯ ಕೋಶಗಳು ಮೊದಲು ಕಳಚುತ್ತವೆ. ಹೀಗಾಗಿ ಅಂಗಾಂಶ ಕೆಡದಂತೆ ಹಿಡಿದಿಡುವ ಫಾರ್ಮಲಿನ್ ಮೊದಲೇ ಸಿದ್ಧವಿರಲಿ. ಹತ್ತು ನಿಮಿಷದೊಳಗೆ ತುಂಡು ಅದರಲ್ಲಿ ಮುಳುಗಬೇಕು. ಮಾಂಸದಂಗಡಿಯ ಕರುಳು ಕೈ ಪಳಗಿಸಿಕೊಳ್ಳಲು ಸಾಕು, ಅಳತೆಗೆ ಬೇಡ.

ಒಂದು ಲೀಟರ್ ಫಾರ್ಮಲಿನ್ ಮಾಡಲು: 37% ಫಾರ್ಮಾಲ್ಡಿಹೈಡ್ ದ್ರಾವಣ 100 ಮಿ.ಲೀ., ಬಟ್ಟಿ ಇಳಿಸಿದ ನೀರು 900 ಮಿ.ಲೀ., ಸೋಡಿಯಂ ಡೈಹೈಡ್ರೋಜನ್ ಫಾಸ್ಫೇಟ್ (ಮಾನೋಹೈಡ್ರೇಟ್) 4 ಗ್ರಾಂ, ನೀರಿನಂಶವಿಲ್ಲದ ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್ 6.5 ಗ್ರಾಂ. ಆವಿ ಹೊರಸೆಳೆಯುವ ಫ್ಯೂಮ್ ಹುಡ್‌ನಲ್ಲೇ ಬೆರೆಸಿ. ಈ ಎರಡು ಫಾಸ್ಫೇಟ್ ಲವಣ ಹಾಕದಿದ್ದರೆ ಫಾರ್ಮಲಿನ್ ಆಮ್ಲವಾಗಿ, ರಕ್ತವಿರುವ ಕಡೆ ಕಂದು ಕಣಗಳು ಉಳಿಯುತ್ತವೆ.

ಡುವೋಡಿನಮ್ (ಸಣ್ಣ ಕರುಳಿನ ಮೊದಲ ಭಾಗ) ಕುಣಿಕೆ ಮುಗಿಯುವಲ್ಲಿಂದ ಕರುಳಿನ ಮೇಲೆ ಪುಟ್ಟ ಗಂಟಿನಂತೆ ಕಾಣುವ ಮೆಕೆಲ್ ಡೈವರ್ಟಿಕ್ಯುಲಮ್‌ವರೆಗಿನದು ಜೆಜುನಮ್. ಅದರ ನಟ್ಟನಡುವೆ 2 ಸೆಂ.ಮೀ. ಕತ್ತರಿಸಿ. ಎಲ್ಲ ಹಕ್ಕಿಗಳಲ್ಲೂ ಇದೇ ಜಾಗವಿರಲಿ. ಕರುಳಿನ ಉದ್ದಕ್ಕೂ ವಿಲ್ಲೈ ಎತ್ತರ ಬದಲಾಗುತ್ತದೆ. ಸಿರಿಂಜಿನಿಂದ ತಣ್ಣನೆಯ 0.9% ಸಲೈನ್ ಮೆಲ್ಲಗೆ ಹಾಯಿಸಿ ತೊಳೆಯಿರಿ. ಬೆರಳಲ್ಲಿ ಹಿಂಡಿದರೆ ಒಳಪದರ ಹೋದಂತೆಯೇ. ತುಂಡಿನ ಇಪ್ಪತ್ತು ಪಟ್ಟು ಫಾರ್ಮಲಿನ್‌ನಲ್ಲಿ 24 ಗಂಟೆ ಇಡಿ.

ಮುಂದೆ 70, 80, 95, 100% ಆಲ್ಕೋಹಾಲ್ (ನೀರು ತೆಗೆಯಲು), ಜೈಲೀನ್ (ಆಲ್ಕೋಹಾಲ್ ತೆಗೆಯಲು), ಪ್ಯಾರಾಫಿನ್ ಮೇಣ: ಮಾಮೂಲಿ ಕ್ರಮ. ಅಚ್ಚಿನಲ್ಲಿ ಕೂರಿಸುವಾಗ ಮಾತ್ರ ಅವಸರ ಬೇಡ. ಬಳೆಯಂತೆ ಕತ್ತರಿಸಿದ ತುಂಡಿನ ದುಂಡು ಮುಖ ಅಚ್ಚಿನ ತಳಕ್ಕೆ ಸಮನಾಗಿ ಕೂರಬೇಕು. ಓರೆಯಾದರೆ ವಿಲ್ಲೈ ಅಡ್ಡಕ್ಕೆ ಕತ್ತರಿಸಿ ದ್ವೀಪಗಳಂತೆ ಕಾಣುತ್ತವೆ, ಅಳೆಯಲು ಏನೂ ಉಳಿಯದು. ಸೆಕ್ಷನ್ (ತೆಳು ಸೀಳು) 5 ಮೈಕ್ರಾನ್ ದಪ್ಪ.

ಮೇಣ ತೆಗೆದು ನೀರಿಗೆ ತಂದ ಸ್ಲೈಡನ್ನು 3% ಅಸಿಟಿಕ್ ಆಮ್ಲದಲ್ಲಿನ 1% ಆಲ್ಷಿಯನ್ ಬ್ಲೂ ಬಣ್ಣದಲ್ಲಿ (ಪಿಎಚ್ 2.5) 30 ನಿಮಿಷ ಇಟ್ಟು ತೊಳೆಯಿರಿ. 0.5% ಪೀರಿಯಾಡಿಕ್ ಆಮ್ಲ 5 ನಿಮಿಷ, ಬಟ್ಟಿ ನೀರು, ಷಿಫ್ ದ್ರಾವಣ (ಗುಲಾಬಿ ಬಣ್ಣ ಕೊಡುವುದು) 15 ನಿಮಿಷ, ಹರಿಯುವ ನಲ್ಲಿ ನೀರು 10 ನಿಮಿಷ. ಕೊನೆಗೆ ಕೋಶಕೇಂದ್ರಕ್ಕೆ ಬಣ್ಣ ಕೊಡುವ ಹೆಮಟಾಕ್ಸಿಲಿನ್ ತುಸುವೇ, ಹೆಚ್ಚಾದರೆ ಅದರ ನೀಲಿ ಲೋಳೆಯ ನೀಲಿಯನ್ನು ಮರೆಸುತ್ತದೆ. ಬಾಟಲಿಯಲ್ಲೇ ಗುಲಾಬಿಗೆ ತಿರುಗಿದ ಷಿಫ್ ಎಸೆಯಿರಿ.

ಆಮ್ಲೀಯ ಲೋಳೆ ನೀಲಿ, ತಟಸ್ಥ ಲೋಳೆ ಕಡುಗುಲಾಬಿ, ಎರಡೂ ಬೆರೆತರೆ ನೇರಳೆ. 4x‌ನಲ್ಲಿ ತುದಿಯಿಂದ ಕ್ರಿಪ್ಟ್ (ವಿಲ್ಲೈ ಬುಡದ ಕುಳಿ) ಬಾಯಿವರೆಗೆ ಇಡಿಯಾಗಿ ಕಾಣುವ ವಿಲ್ಲೈಗಳನ್ನಷ್ಟೇ ಅಳೆಯಿರಿ. ಸೂಕ್ಷ್ಮದರ್ಶಕದ ಪ್ರತಿ ಆಬ್ಜೆಕ್ಟಿವ್‌ಗೂ ಸ್ಟೇಜ್ ಮೈಕ್ರೋಮೀಟರಿನಿಂದ (ಅಳತೆಗೆರೆಗಳಿರುವ ಸ್ಲೈಡು) ಅಳತೆ ಸರಿಹೊಂದಿಸಿರಬೇಕು. ವಿಲ್ಲೈ ತುದಿಯಲ್ಲಿ ಕೋಶಪದರದಡಿ ಖಾಲಿ ಜಾಗ ಕಂಡರೆ ಅದನ್ನು ರೋಗವೆಂದು ಬರೆಯಬೇಡಿ. ತಡವಾಗಿ ಫಾರ್ಮಲಿನ್ ಸೇರಿದ ಅಥವಾ ಕುಗ್ಗಿದ ಅಂಗಾಂಶದಲ್ಲಿ ಅದು ಸಾಮಾನ್ಯ. ಗಾಬ್ಲೆಟ್ ಕೋಶಗಳನ್ನು 40x‌ನಲ್ಲಿ ಎಣಿಸಿ, ವಿಲ್ಲಸ್‌ನ ಪ್ರತಿ 100 ಮೈಕ್ರಾನ್ ಉದ್ದಕ್ಕೆ ಇಷ್ಟು ಎಂದು ದಾಖಲಿಸಿ. ಯಾವ ಸ್ಲೈಡು ಯಾವ ಗುಂಪಿನದೆಂಬುದು ಎಣಿಸುವವರಿಗೆ ತಿಳಿಯದಂತೆ ಲೇಬಲ್ ಮುಚ್ಚಿಡಿ.