ನನ್ನ ದುಡ್ಡು ಈಗ ಎಲ್ಲುಂಟು?

ನಾನು ಪಿಗ್ಮಿ, ಅಂದರೆ ದಿನದಿನದ ಸಣ್ಣ ಉಳಿತಾಯ, ಕಲೆಕ್ಷನ್ ಮಾಡುವವನು. ಮಂಗಳೂರಿನ ಒಂದು ಸಹಕಾರಿ ಸೊಸೈಟಿಗೆ. ಬೆಳಿಗ್ಗೆ ಮೀನಿನ ಬೋಟುಗಳು ಬಂದು ನಿಲ್ಲುವ ದಕ್ಕೆ, ಆಮೇಲೆ ಬಂದರಿನ ಅಂಗಡಿಗಳು, ಸಂಜೆ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಿಂದ ಹಂಪನಕಟ್ಟೆಯವರೆಗೆ. ಕೈಯಲ್ಲೊಂದು ಮಿಷನ್, ಹೆಗಲಿಗೊಂದು ಬ್ಯಾಗ್. ದಿನಕ್ಕೆ 50, 100, 200 ರೂಪಾಯಿ ಕಟ್ಟುವವರು ನನ್ನ ಗಿರಾಕಿಗಳು.

ಈ ಕೆಲಸಕ್ಕೆ ದೊಡ್ಡ ಹೆಸರು ಬಂದದ್ದೇ ನಮ್ಮ ಕರಾವಳಿಯಿಂದ. ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1928ರಲ್ಲಿ ಪಿಗ್ಮಿ ಶುರು ಮಾಡಿತು. ಏಜೆಂಟರು ಮನೆ ಬಾಗಿಲಿಗೇ ಹೋಗಿ ದಿನಕ್ಕೆ ಎರಡಾಣೆ ತರುತ್ತಿದ್ದರು. ಕೆನರಾ, ಕಾರ್ಪೊರೇಷನ್, ಕರ್ಣಾಟಕ, ಸಿಂಡಿಕೇಟ್, ವಿಜಯಾ, ಈ ಐದೂ 1906ರಿಂದ 1931ರ ಒಳಗೆ ಮಂಗಳೂರು, ಉಡುಪಿಯಲ್ಲಿ ಹುಟ್ಟಿದವು. ನನ್ನ ತಂದೆ ಇದನ್ನು ಬೆರಳು ಮಡಚಿ ಎಣಿಸಿ ಹೇಳುತ್ತಿದ್ದರು. ಅಂಥ ಊರಿನಲ್ಲಿ ಹುಟ್ಟಿ, 11 ವರ್ಷ ಪಿಗ್ಮಿ ತಿರುಗಿಯೂ, ನಾನು ತಂದುಕೊಟ್ಟ ದುಡ್ಡು ಮುಂದೆ ಏನಾಗುತ್ತದೆ ಅಂತ ನನಗೆ ಸರಿಯಾಗಿ ಗೊತ್ತಿರಲಿಲ್ಲ.

ಗೊತ್ತಿಲ್ಲ ಅಂತ ತಿಳಿದದ್ದು 2019ರ ಸೆಪ್ಟೆಂಬರ್‌ನಲ್ಲಿ. ದಕ್ಕೆಯಲ್ಲಿ ಮೀನು ಮಾರುವ ಒಬ್ಬರು ಅಕ್ಕ ಇದ್ದಾರೆ. ದಿನಾ 100 ರೂಪಾಯಿ ಕಟ್ಟುತ್ತಾರೆ. ಆ ದಿನ ನೋಟು ಹಿಡಿದ ಕೈ ಮುಂದೆ ಬಂದು ಹಿಂದೆ ಹೋಯಿತು. ಅವರ ತಮ್ಮ ಮುಂಬಯಿಯಲ್ಲಿ ಹೋಟೆಲ್ ಕೆಲಸಕ್ಕಿದ್ದಾನೆ. ಅವನ ಉಳಿತಾಯವೆಲ್ಲ ಅಲ್ಲಿಯ ಪಿಎಂಸಿ ಅನ್ನುವ ಸಹಕಾರಿ ಬ್ಯಾಂಕಿನಲ್ಲಿತ್ತು. ಆ ವಾರ ರಿಸರ್ವ್ ಬ್ಯಾಂಕ್ ಅದಕ್ಕೆ ನಿರ್ಬಂಧ ಹಾಕಿತ್ತು. ಮೊದಲಿಗೆ ಒಂದು ಖಾತೆಯಿಂದ 1,000 ರೂಪಾಯಿ ಮಾತ್ರ ತೆಗೆಯಬಹುದಿತ್ತು.

"ನಾನು ಕೊಟ್ಟ ದುಡ್ಡು ಈಗ ಎಲ್ಲುಂಟು ಅಣ್ಣ?" ಅಂತ ತುಳುವಿನಲ್ಲಿ ಕೇಳಿದರು.

"ಸೊಸೈಟಿಯಲ್ಲುಂಟು ಅಕ್ಕ."

"ಸೊಸೈಟಿಯಲ್ಲಿ ಅಂದ್ರೆ ಎಲ್ಲಿ? ಕಪಾಟಿನಲ್ಲಾ?"

ನನ್ನ ಬಾಯಿಂದ ಉತ್ತರ ಬರಲಿಲ್ಲ. ಅವರು ಆ ದಿನವೂ 100 ರೂಪಾಯಿ ಕೊಟ್ಟರು. ಆದರೆ ಮಿಷನ್‌ನಿಂದ ಚೀಟಿ ಹರಿದು ಕೊಡುವಾಗ ನನ್ನ ಕೈ ಸ್ವಲ್ಪ ನಡುಗಿತು.

ನಾನು ಓದಿದ್ದು ಪಿಯುಸಿ. ಪುಸ್ತಕ ಹಿಡಿದರೆ ಎರಡು ಪುಟಕ್ಕೆ ಕಣ್ಣು ಎಳೆಯುತ್ತದೆ. ಹಾಗಾಗಿ ಫೋನಿನಲ್ಲಿ ವಿಡಿಯೊ ನೋಡಲು ಶುರು ಮಾಡಿದೆ. ರಾತ್ರಿ ಊಟ ಆದಮೇಲೆ ಒಂದು ಗಂಟೆ. ಮೂರು ತಿಂಗಳು ಬಿಡದೆ ನೋಡಿದೆ. ರೆಪೊ, ಮ್ಯೂಚುವಲ್ ಫಂಡ್, ಹಣದುಬ್ಬರ, ಎಲ್ಲ ಕೇಳಿದೆ. ನೋಡುವಾಗ ಎಲ್ಲವೂ ಅರ್ಥವಾಗುತ್ತಿತ್ತು. ಬೆಳಿಗ್ಗೆ ದಕ್ಕೆಗೆ ಹೋಗಿ ಅಕ್ಕನಿಗೆ ಹೇಳಲು ಹೋದರೆ ಎರಡನೇ ವಾಕ್ಯಕ್ಕೇ ನಿಲ್ಲುತ್ತಿತ್ತು. ಅವರಿಗೆ ತುಳುವಿನಲ್ಲಿ ಹೇಳಬೇಕು. ವಿಡಿಯೊದವರು ಹೇಳಿದ ಇಂಗ್ಲಿಷ್ ಪದ ಅಲ್ಲಿ ನಡೆಯುವುದಿಲ್ಲ. ಆ ಪದ ತೆಗೆದುಬಿಟ್ಟರೆ ನನ್ನ ಹತ್ತಿರ ಏನೂ ಉಳಿಯುತ್ತಿರಲಿಲ್ಲ.

ಆವತ್ತಿನಿಂದ ನನಗೆ ನಾನೇ ಒಂದು ಪರೀಕ್ಷೆ ಇಟ್ಟುಕೊಂಡೆ. ನೋಡಿದ್ದನ್ನು ಮರುದಿನ ಅಕ್ಕನಿಗೆ ತುಳುವಿನಲ್ಲಿ ಹೇಳಲು ಬಂದರೆ ಮಾತ್ರ ಕಲಿತ ಲೆಕ್ಕ. ಇಲ್ಲದಿದ್ದರೆ ಮತ್ತೆ ಅದೇ ವಿಡಿಯೊ. ಒಂದು 200 ಪುಟದ ನೋಟ್‌ಬುಕ್ ತಂದೆ. ಎಡಗಡೆ ವಿಡಿಯೊದ ಪದ, ಬಲಗಡೆ ನಮ್ಮ ಬಂದರಿನ ಉದಾಹರಣೆ. ಬಲಗಡೆ ಖಾಲಿ ಇದ್ದರೆ ಮುಂದಿನ ಪದಕ್ಕೆ ಹೋಗುವ ಹಾಗಿಲ್ಲ. ಹತ್ತು ನಿಮಿಷಕ್ಕಿಂತ ಜಾಸ್ತಿ ಒಟ್ಟಿಗೆ ನೋಡುವುದನ್ನೂ ಬಿಟ್ಟೆ.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು. ಕಲೆಕ್ಷನ್ ನಿಂತಿತು. ಏಪ್ರಿಲ್ 1ಕ್ಕೆ ಸಿಂಡಿಕೇಟ್ ಕೆನರಾದಲ್ಲಿ ಸೇರಿತು, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನಲ್ಲಿ ಸೇರಿತು. ವಿಜಯಾ ಅದಕ್ಕೂ ಒಂದು ವರ್ಷ ಮೊದಲೇ ಬ್ಯಾಂಕ್ ಆಫ್ ಬರೋಡಾ ಪಾಲಾಗಿತ್ತು. ತಂದೆ ಇದ್ದಿದ್ದರೆ ಬೆರಳು ಎಣಿಸುವಾಗ ಅಳುತ್ತಿದ್ದರೇನೋ. ನಾನು ಮನೆಯಲ್ಲಿ ಕೂತು ಸಿನಿಮಾ ನೋಡಲು ಶುರು ಮಾಡಿದ್ದು ಆಗ. ಕಾಲೇಜಿಗೆ ಹೋಗುವ ಮಗಳು ಪಕ್ಕದಲ್ಲಿ ಕೂತು, ನನಗೆ ತಿಳಿಯದ ಇಂಗ್ಲಿಷ್ ಬಂದಾಗ ನಿಲ್ಲಿಸಿ ಹೇಳುತ್ತಿದ್ದಳು.

ಅಕ್ಕನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು 1946ರ ಒಂದು ಕಪ್ಪು ಬಿಳುಪು ಅಮೆರಿಕನ್ ಸಿನಿಮಾದಲ್ಲಿ. ‘ಇಟ್ಸ್ ಎ ವಂಡರ್‌ಫುಲ್ ಲೈಫ್’. ಅದರ ನಾಯಕ ನಡೆಸುವುದು ದೊಡ್ಡ ಬ್ಯಾಂಕ್ ಏನಲ್ಲ. ಊರಿನವರು ಸೇರಿ ದುಡ್ಡು ಹಾಕಿ, ಊರಿನವರೇ ಮನೆ ಕಟ್ಟಲು ಸಾಲ ತೆಗೆಯುವ ಒಂದು ಸಂಸ್ಥೆ. ನಮ್ಮ ಸೊಸೈಟಿಯ ಹಾಗೆಯೇ. ಅವನ ಮದುವೆಯ ದಿನವೇ ಊರಿನಲ್ಲಿ ಗಾಬರಿ ಹಬ್ಬುತ್ತದೆ. ಎಲ್ಲರೂ ಬಾಗಿಲಿಗೆ ಬಂದು ನಮ್ಮ ದುಡ್ಡು ಕೊಡಿ ಅನ್ನುತ್ತಾರೆ. ಅವನು ಕೌಂಟರಿನ ಹಿಂದೆ ನಿಂತು ಬಿಡಿಸಿ ಹೇಳುತ್ತಾನೆ. ನಿಮ್ಮ ದುಡ್ಡು ಇಲ್ಲಿ ಪೆಟ್ಟಿಗೆಯಲ್ಲಿಲ್ಲ, ನಿಮ್ಮ ಪಕ್ಕದವರ ಮನೆಯ ಗೋಡೆಯಲ್ಲಿದೆ, ಅವರು ಕಂತು ಕಟ್ಟಿದ ಹಾಗೆ ನಿಮಗೆ ವಾಪಸು ಬರುತ್ತದೆ ಅಂತ. ಕೊನೆಗೆ ಹನಿಮೂನಿಗೆ ಇಟ್ಟಿದ್ದ 2,000 ಡಾಲರ್ ತಂದು ಹಂಚುತ್ತಾನೆ. ಬಾಗಿಲು ಹಾಕುವ ಹೊತ್ತಿಗೆ ಅವನ ಹತ್ತಿರ ಉಳಿದದ್ದು ಎರಡು ಡಾಲರ್.

ಆ ದೃಶ್ಯವನ್ನು ನಾನು ಏಳೆಂಟು ಸಲ ನೋಡಿದ್ದೇನೆ. ಪ್ರತಿ ಸಲ ನಿಲ್ಲಿಸಿ ಬಲಗಡೆಯ ಪುಟದಲ್ಲಿ ನಮ್ಮದನ್ನು ಬರೆದೆ. ಅಕ್ಕನ 100 ರೂಪಾಯಿ ಬಂದರಿನ ಯಾವುದೋ ಅಂಗಡಿಯ ಫ್ರಿಜ್ ಆಗಿರಬಹುದು, ಯಾರದೋ ಬೋಟಿನ ಬಲೆ ಆಗಿರಬಹುದು. ಸ್ವಲ್ಪ ಕ್ಯಾಶ್ ಕೌಂಟರಿನಲ್ಲಿರುತ್ತದೆ, ಸ್ವಲ್ಪ ಬೇರೆ ಬ್ಯಾಂಕಿನಲ್ಲಿ ಠೇವಣಿಯಾಗಿರುತ್ತದೆ. ಎಲ್ಲರೂ ಒಂದೇ ದಿನ ಕೇಳಿದರೆ ಯಾವ ಬ್ಯಾಂಕೂ ಕೊಡಲಾರದು. ಒಳ್ಳೆಯ ಬ್ಯಾಂಕೂ ಸಹ. ಇದನ್ನು ಕಲಿಯಲು ನನಗೆ 11 ವರ್ಷ ಸಾಲಲಿಲ್ಲ, ಐದು ನಿಮಿಷದ ಒಂದು ದೃಶ್ಯ ಸಾಕಾಯಿತು.

ಆದರೆ ಸಿನಿಮಾ ಹೇಳದ ವಿಷಯವೂ ಇದೆ. ಅದಕ್ಕೆ ವಿಡಿಯೊಗಳೇ ಬೇಕು. 2020ರ ಫೆಬ್ರವರಿಯಲ್ಲಿ ಠೇವಣಿ ವಿಮೆ, ಅಂದರೆ ಬ್ಯಾಂಕ್ ಮುಳುಗಿದರೆ ದುಡ್ಡು ಇಟ್ಟವರಿಗೆ ಸಿಗುವ ಮೊತ್ತ, 1 ಲಕ್ಷದಿಂದ 5 ಲಕ್ಷಕ್ಕೆ ಏರಿತ್ತು. ನಾನು ಖುಷಿಯಿಂದ ಎಲ್ಲ ಗಿರಾಕಿಗಳಿಗೆ ಹೇಳಿದ್ದೆ, ಹೆದರಬೇಡಿ, 5 ಲಕ್ಷದವರೆಗೆ ವಿಮೆ ಉಂಟು ಅಂತ. ಲಾಕ್‌ಡೌನ್‌ನಲ್ಲಿ ಒಂದು ವಿಡಿಯೊ ಸರಿಯಾಗಿ ಕೇಳಿದೆ. ಆ ವಿಮೆ ಇರುವುದು ಬ್ಯಾಂಕುಗಳಿಗೆ. ಸಹಕಾರಿ ಬ್ಯಾಂಕುಗಳಿಗೂ ಇದೆ. ಸಹಕಾರಿ ಕ್ರೆಡಿಟ್ ಸೊಸೈಟಿಗಳಿಗೆ ಇಲ್ಲ. ನಮ್ಮದು ಸೊಸೈಟಿ. ಅಂದರೆ ನಾನು ಹೇಳಿದ್ದು ಸುಳ್ಳಾಗಿತ್ತು.

ಎರಡು ರಾತ್ರಿ ನಿದ್ದೆ ಬರಲಿಲ್ಲ. ಕಲೆಕ್ಷನ್ ಮತ್ತೆ ಶುರುವಾದಾಗ ಒಬ್ಬೊಬ್ಬರ ಹತ್ತಿರವೂ ಹೋಗಿ ಹೇಳಿದೆ. ನಾನು ತಪ್ಪು ಹೇಳಿದ್ದೆ, ನಮ್ಮಲ್ಲಿ ಆ ವಿಮೆ ಇಲ್ಲ, ದೊಡ್ಡ ಮೊತ್ತ ಇದ್ದರೆ ಯೋಚನೆ ಮಾಡಿ ಅಂತ. ನಾಲ್ಕು ಜನ ಖಾತೆ ಮುಚ್ಚಿದರು. ನನ್ನ ಕಮಿಷನ್ ಇಳಿಯಿತು. ಅಕ್ಕ ಮಾತ್ರ ಸ್ವಲ್ಪ ಹೊತ್ತು ಸುಮ್ನೆ ನೋಡಿ, "ಹಾಗಾದ್ರೆ ಆ ಸಾಲದವರು ಕಂತು ಕಟ್ತಾರಾ ಇಲ್ವಾ ಅಂತ ನೋಡೋದು ಯಾರು?" ಅಂದರು. ಅವರ ಪ್ರಶ್ನೆಗಳು ಯಾವಾಗಲೂ ನನಗಿಂತ ಒಂದು ಹೆಜ್ಜೆ ಮುಂದೆ.

ಅಕ್ಕನಿಗೆ ಎಲ್ಲಕ್ಕಿಂತ ಚೆನ್ನಾಗಿ ಹಿಡಿಸಿದ್ದು ‘ದಿ ಬಿಗ್ ಶಾರ್ಟ್’. ಅಮೆರಿಕದಲ್ಲಿ 2008ರಲ್ಲಿ ಬ್ಯಾಂಕುಗಳು ಬಿದ್ದ ಕಥೆ, 2015ರ ಸಿನಿಮಾ. ಪೂರ್ತಿ ಸಿನಿಮಾ ಅವರಿಗೆ ತೋರಿಸಲಿಲ್ಲ. ಅದರಲ್ಲಿ ಬೈಗುಳ ಜಾಸ್ತಿ, ಮಾತಿನ ವೇಗವೂ ಜಾಸ್ತಿ. ಒಂದು ತುಂಡು ಮಾತ್ರ ಫೋನಿನಲ್ಲಿ ತೋರಿಸಿದೆ. ಆಂಟನಿ ಬೋರ್ಡೇನ್ ಅನ್ನುವ ಹೆಸರುವಾಸಿ ಬಾಣಸಿಗ ಅಡುಗೆಮನೆಯಲ್ಲಿ ನಿಂತು ಹೇಳುತ್ತಾರೆ. ಶುಕ್ರವಾರ ತಂದ ಮೀನು ಪೂರ್ತಿ ಖರ್ಚಾಗಲಿಲ್ಲ. ಎಸೆದರೆ ನಷ್ಟ. ಅದನ್ನು ಕತ್ತರಿಸಿ ಸಾರಿಗೆ ಹಾಕಿದರೆ ಅದು ಹಳೆ ಮೀನಲ್ಲ, ಹೊಸ ಅಡುಗೆ. ಯಾರೂ ಕೊಳ್ಳದ ಕೆಟ್ಟ ಸಾಲದ ಪಾಲುಗಳನ್ನೂ ಹೀಗೆಯೇ ಒಟ್ಟು ಹಾಕಿ, ಹೊಸ ಹೆಸರಿಟ್ಟು ಮಾರಿದರು. ಅದರ ಹೆಸರು ಸಿಡಿಒ.

ನಾನು ತುಳುವಿನಲ್ಲಿ ಅರ್ಧ ಹೇಳುವಷ್ಟರಲ್ಲಿ ಅಕ್ಕ ಮುಗಿಸಿದರು. "ಬುಟ್ಟಿಯ ಅಡಿಯಲ್ಲಿ ಮೊನ್ನೆಯ ಬೂತಾಯಿ, ಮೇಲಿಂದ ಇವತ್ತಿನದ್ದು ನಾಲ್ಕು, ಅಷ್ಟೇ ಅಲ್ವಾ? ಆದ್ರೆ ಕೊಳ್ಳುವವರು ಕಿವಿರು ಎತ್ತಿ ನೋಡ್ಲಿಲ್ವಾ?"

ಆ ಪ್ರಶ್ನೆಗೆ ಉತ್ತರ ಹುಡುಕಲು ನಾನು ಸಿನಿಮಾವನ್ನು ಮತ್ತೆ ನೋಡಿದೆ. ಕಿವಿರು ನೋಡಬೇಕಾದವರು ರೇಟಿಂಗ್ ಏಜೆನ್ಸಿಗಳು, ಅಂದರೆ ಇಂಥ ಸಾಲ ಎಷ್ಟು ಭದ್ರ ಅಂತ ದರ್ಜೆ ಕೊಡುವ ಕಂಪನಿಗಳು. ಒಂದು ದೃಶ್ಯದಲ್ಲಿ ಕಪ್ಪು ಕನ್ನಡಕ ಹಾಕಿದ ಒಬ್ಬ ಅಧಿಕಾರಿ ಹೆಂಗಸು ಒಪ್ಪಿಕೊಳ್ಳುತ್ತಾಳೆ. ನಾವು ಒಳ್ಳೆ ರೇಟಿಂಗ್ ಕೊಡದಿದ್ದರೆ ಅವರು ಎದುರಿನ ಏಜೆನ್ಸಿಗೆ ಹೋಗುತ್ತಾರೆ ಅಂತ. ಅಂದರೆ ಮೀನು ನೋಡುವವನಿಗೆ ಸಂಬಳ ಕೊಡುವವನು ಬುಟ್ಟಿ ಮಾರುವವನೇ. ಮರುದಿನ ಇದನ್ನು ಹೇಳಿದಾಗ ಅಕ್ಕನ ಜೊತೆ ಕೂತಿದ್ದ ಉಳಿದ ಮೂವರೂ ಒಂದೇ ಸಲ "ಅಯ್ಯೋ ದೇವರೇ" ಅಂದರು. ಅವರಿಗೆ ಇನ್ನೇನೂ ಬಿಡಿಸಿ ಹೇಳಬೇಕಾಗಲಿಲ್ಲ.

ಷೇರು ದಲ್ಲಾಳಿ ಹರ್ಷದ್ ಮೆಹ್ತಾನ ಹಗರಣದ ಕಥೆ, ‘ಸ್ಕ್ಯಾಮ್ 1992’ ವೆಬ್ ಸರಣಿ, ಬಂದದ್ದು 2020ರ ಅಕ್ಟೋಬರ್‌ನಲ್ಲಿ. ಅದರಲ್ಲಿ ನನಗೆ ಬೇಕಾಗಿದ್ದು ಒಂದೇ, ಬ್ಯಾಂಕ್ ರಸೀದಿ. ಒಂದು ಬ್ಯಾಂಕು ಇನ್ನೊಂದಕ್ಕೆ ಸರಕಾರಿ ಬಾಂಡ್, ಅಂದರೆ ಸರಕಾರದ ಸಾಲಪತ್ರ, ಮಾರುವಾಗ ಆ ಕಾಗದ ಕೊಡದೆ, ಆಮೇಲೆ ಕೊಡುತ್ತೇನೆ ಅಂತ ರಸೀದಿ ಬರೆದುಕೊಡುತ್ತಿತ್ತು. ಕೆಲವು ಸಣ್ಣ ಬ್ಯಾಂಕುಗಳು ಬಾಂಡೇ ಇಲ್ಲದೆ ರಸೀದಿ ಬರೆದವು. ಬೋಟೇ ಇಲ್ಲದೆ ಮೀನು ಮಾರಿದ ಹಾಗೆ. ಇದನ್ನು ನೋಡಿದ ಮೇಲೆ ನಾನು ಕೊಡುವ ಚೀಟಿಯ ಬಗ್ಗೆಯೂ ಯೋಚನೆ ಬಂತು. ಅದೂ ಒಂದು ರಸೀದಿಯೇ ಅಲ್ವಾ? ಈಗ ಎಲ್ಲರಿಗೂ ಹೇಳುತ್ತೇನೆ, ಚೀಟಿ ಎಸೆಯಬೇಡಿ, ತಿಂಗಳಿಗೊಮ್ಮೆ ಆಫೀಸಿಗೇ ಹೋಗಿ ಪಾಸ್‌ಬುಕ್ ಬರೆಸಿ, ಚೀಟಿಯ ಜೊತೆ ತಾಳೆ ನೋಡಿ. ನನ್ನನ್ನು ನಂಬುತ್ತೀರಿ ಅಂತ ಬಿಡಬೇಡಿ.

ಆ ಸರಣಿಯಿಂದ ನನಗೆ ಬೇಜಾರಾದ ವಿಷಯವೂ ಒಂದಿದೆ. ಬಂದರಿನ ಹುಡುಗರು ಅದರಲ್ಲಿ ನೋಡಿದ್ದು ಹರ್ಷದ್ ಮೆಹ್ತಾನ ಕಾರು ಮತ್ತು ಮಾತು. ಒಬ್ಬ ಗಿರಾಕಿಯ ಮಗ ಟೆಲಿಗ್ರಾಂನಲ್ಲಿ ಷೇರು ಟಿಪ್ಸ್ ಕೊಡುವ ಗುಂಪಿಗೆ ಸೇರಿ 40,000 ಕಳಕೊಂಡ. ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಡಿಸಿದೆ. ಮೂರು ದಿನ ತಡವಾಗಿತ್ತು, ದುಡ್ಡು ಬರಲಿಲ್ಲ. ಅಂಥ ಮೋಸಕ್ಕೆ ತಕ್ಷಣ, ಅದೇ ಗಂಟೆಯಲ್ಲಿ ಫೋನ್ ಮಾಡಬೇಕು. ವಿಡಿಯೊ ಮಾಡುವವರು ಕೊನೆಯಲ್ಲಿ ಗುಂಪಿಗೆ ಸೇರಿ, ಈ ಲಿಂಕಿನಿಂದ ಖಾತೆ ತೆರೆಯಿರಿ ಅಂದರೆ ನಾನು ಅಲ್ಲಿಗೇ ಮುಚ್ಚುತ್ತೇನೆ. ವಿಡಿಯೊ ಯಾವ ವರ್ಷದ್ದು ಅಂತಲೂ ನೋಡುತ್ತೇನೆ. ವಿಮೆ ಇನ್ನೂ 1 ಲಕ್ಷ ಅನ್ನುವ ಹಳೆ ವಿಡಿಯೊಗಳು ಈಗಲೂ ತಿರುಗಾಡುತ್ತಿವೆ.

ಲೆಕ್ಕದ ವಿಡಿಯೊಗಳನ್ನು ಕ್ಯಾಲ್ಕುಲೇಟರ್ ಹಿಡಿದೇ ನೋಡಬೇಕು. ಒಬ್ಬರು ಜಿನಸಿ ಅಂಗಡಿಯವರಿಗೆ 1 ಲಕ್ಷ ಸಾಲ, ಒಂದು ವರ್ಷಕ್ಕೆ ಶೇಕಡಾ 12 ಫ್ಲ್ಯಾಟ್ ಅಂತ ಯಾರೋ ಹೇಳಿದ್ದರು. ಫ್ಲ್ಯಾಟ್ ಅಂದರೆ ಕಂತು ಕಟ್ಟುತ್ತಾ ಹೋದರೂ ಕೊನೆಯವರೆಗೆ ಪೂರ್ತಿ 1 ಲಕ್ಷಕ್ಕೇ ಬಡ್ಡಿ. ಕಡಿಮೆ ಬಡ್ಡಿ ಅಂತ ಅವರಿಗೆ ಸಂತೋಷ. ನಾವಿಬ್ಬರೂ ಅಂಗಡಿಯಲ್ಲೇ ಕೂತು, ವಿಡಿಯೊ ನಿಲ್ಲಿಸಿ ನಿಲ್ಲಿಸಿ ಲೆಕ್ಕ ಹಾಕಿದೆವು. ಫ್ಲ್ಯಾಟ್‌ನಲ್ಲಿ ತಿಂಗಳ ಕಂತು 9,333, ಒಟ್ಟು ಬಡ್ಡಿ 12,000. ಉಳಿದ ಅಸಲಿಗೆ ಮಾತ್ರ ಬಡ್ಡಿ ಹಾಕುವ ಸಾಲದಲ್ಲಿ ಅದೇ ಶೇಕಡಾ 12ಕ್ಕೆ ಕಂತು 8,885, ಒಟ್ಟು ಬಡ್ಡಿ 6,619. ಫ್ಲ್ಯಾಟ್ 12 ಅಂದರೆ ನಿಜವಾಗಿ 21.5ರ ಹತ್ತಿರ. ಅವರು ಆ ಸಾಲ ತೆಗೆಯಲಿಲ್ಲ. 2024ರ ಅಕ್ಟೋಬರ್‌ನಿಂದ ಬ್ಯಾಂಕು ಮತ್ತು ಫೈನಾನ್ಸ್ ಕಂಪನಿಗಳು ಇಂಥ ಸಾಲ ಕೊಡುವಾಗ ಎಲ್ಲ ಖರ್ಚು ಸೇರಿಸಿದ ವರ್ಷದ ದರವನ್ನು, ಅಂದರೆ ಎಪಿಆರ್ ಅನ್ನು, ಒಂದು ಹಾಳೆಯಲ್ಲಿ ಬರೆದು ಕೊಡಲೇಬೇಕು. ಆ ಹಾಳೆ ಕೇಳಿ ಪಡೆಯಿರಿ.

ಅಕ್ಕನ ಪ್ರಶ್ನೆ ಬಾಕಿ ಇತ್ತು. ನೋಡೋದು ಯಾರು? ಅದಕ್ಕೆ ದಾರಿ ತೋರಿಸಿದ್ದು ಶ್ಯಾಮ್ ಬೆನೆಗಲ್ ಅವರ ‘ಮಂಥನ್’, 1976ರದ್ದು. ನಮ್ಮ ಗಿರೀಶ ಕಾರ್ನಾಡ್, ಅನಂತನಾಗ್ ಇಬ್ಬರೂ ಇದ್ದಾರೆ. ಹಾಲಿನ ಸಹಕಾರಿ ಸಂಘದ ಕಥೆ. ಗುಜರಾತಿನ 5 ಲಕ್ಷ ರೈತರು ತಲಾ 2 ರೂಪಾಯಿ ಹಾಕಿ ಆ ಸಿನಿಮಾ ಮಾಡಿಸಿದ್ದು. ಷೇರು ಅಂದರೆ ಏನು ಅಂತ ಹೇಳಲು ನನಗೆ ಇದಕ್ಕಿಂತ ಒಳ್ಳೆ ಉದಾಹರಣೆ ಸಿಕ್ಕಿಲ್ಲ. ಎರಡು ರೂಪಾಯಿ ಹಾಕಿದವನೂ ಮಾಲೀಕನೇ. ಜೂನ್, ಜುಲೈಯಲ್ಲಿ ಟ್ರಾಲ್‌ಬೋಟ್ ಕಡಲಿಗಿಳಿಯುವ ಹಾಗಿಲ್ಲ, ದಕ್ಕೆಯಲ್ಲಿ ಕೆಲಸ ಕಡಿಮೆ. ಅಂಥ ಒಂದು ಭಾನುವಾರ ಅಕ್ಕನ ಮನೆ ಜಗಲಿಯಲ್ಲಿ, ಹೊರಗೆ ಮಳೆ ಹೊಯ್ಯುವಾಗ, ಮಗಳ ಲ್ಯಾಪ್‌ಟಾಪ್ ಇಟ್ಟು ತೋರಿಸಿದೆ. ಏಳು ಜನ ಇದ್ದರು.

ಮುಗಿದ ಮೇಲೆ ಅಕ್ಕ ಒಳಗೆ ಹೋಗಿ ಟ್ರಂಕ್ ತೆರೆದು ಒಂದು ಪ್ಲಾಸ್ಟಿಕ್ ಕವರ್ ತಂದರು. ಅದರೊಳಗೆ ನಮ್ಮ ಸೊಸೈಟಿಯ ಷೇರು ಸರ್ಟಿಫಿಕೇಟ್. ಖಾತೆ ತೆರೆಯುವಾಗ ಯಾರೋ ಸಹಿ ಹಾಕಿಸಿ ಕೊಟ್ಟದ್ದು.

"ಇದು ಅದೇನಾ?"

"ಅದೇ ಅಕ್ಕ. ನಿಮಗೂ ಒಂದು ವೋಟು, ಅಧ್ಯಕ್ಷರಿಗೂ ಒಂದು ವೋಟು."

ಆ ಸೆಪ್ಟೆಂಬರಿನ ಮಹಾಸಭೆಗೆ ಅಕ್ಕ ಬಂದರು. ಮೀನಿನ ಕೆಲಸ ಬೇಗ ಮುಗಿಸಿ, ಸ್ನಾನ ಮಾಡಿ, ಹೊಸ ಸೀರೆ ಉಟ್ಟು, ಇನ್ನಿಬ್ಬರನ್ನು ಕರಕೊಂಡು. ಅಧ್ಯಕ್ಷರು ಏನಾದರೂ ಪ್ರಶ್ನೆ ಇದೆಯಾ ಅಂತ ಕೇಳಿದಾಗ ಎದ್ದು ನಿಂತರು. ನಾವು ಒಂದು ವಾರ ಒಟ್ಟಿಗೆ ಅಭ್ಯಾಸ ಮಾಡಿದ ಪ್ರಶ್ನೆ. ಕಂತು ಬಾಕಿ ಇಟ್ಟವರ ಸಾಲ ಹೋದ ವರ್ಷ ಎಷ್ಟಿತ್ತು, ಈ ವರ್ಷ ಎಷ್ಟಾಗಿದೆ? ಸಭೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಕಾರ್ಯದರ್ಶಿ ವರದಿ ಪುಸ್ತಕ ತಿರುವಿ ಎರಡೂ ಅಂಕಿ ಓದಿದರು. ಈ ವರ್ಷದ್ದು ಸ್ವಲ್ಪ ಕಡಿಮೆ ಇತ್ತು. ಅಕ್ಕ ಕೂತುಕೊಂಡು ನನ್ನ ಕೈಗೆ ಪೆನ್ನು ಕೊಟ್ಟರು, ಎರಡನ್ನೂ ತಮ್ಮ ಪಾಸ್‌ಬುಕ್ಕಿನ ಹಿಂದೆ ಬರೆದುಕೊಡಲು.