ನಂಬರ್ ಪ್ಯಾಡಿನ ಬಿಂದು ಅಲ್ಪವಿರಾಮವಾದಾಗ

ಪುಣೆಯ ಚಾಕಣ, ಪಿಂಪ್ರಿ-ಚಿಂಚವಾಡ ಭಾಗದ ಕಾರ್ಖಾನೆಗಳಲ್ಲಿ ಲೆಕ್ಕಪತ್ರವನ್ನೋ ಗುಣಮಟ್ಟ ಪರೀಕ್ಷೆಯನ್ನೋ ನೋಡಿಕೊಳ್ಳುವ ಕನ್ನಡಿಗರಿಗೆ ಜರ್ಮನಿಯ ಕಡತಗಳು ಹೊಸವಲ್ಲ. ಕೆಲವೊಮ್ಮೆ ಅಲ್ಲಿನ ಲ್ಯಾಪ್‌ಟಾಪೇ ಮೇಜಿಗೆ ಬರುತ್ತದೆ. ಅಂಥ ಯಂತ್ರದ ನಂಬರ್ ಪ್ಯಾಡಿನಲ್ಲಿ 12.5 ಎಂದು ಒತ್ತಿದರೆ 12,5 ಎಂದು ಮೂಡುವುದುಂಟು. ಕೀಲಿಮಣೆ ಕೆಟ್ಟಿರುವುದಿಲ್ಲ. ಜರ್ಮನಿ, ಫ್ರಾನ್ಸ್, ಪೋರ್ಚುಗಲ್‌ಗಳಲ್ಲಿ ದಶಮಾಂಶಕ್ಕೆ ಅಲ್ಪವಿರಾಮವೇ ರೂಢಿ. ತೂಕ ಮತ್ತು ಅಳತೆಗಳ ಅಂತರರಾಷ್ಟ್ರೀಯ ಮಹಾಸಭೆಯೂ 2003ರಲ್ಲಿ ಬಿಂದು, ಅಲ್ಪವಿರಾಮ ಎರಡನ್ನೂ ಒಪ್ಪಿದೆ.

ಇದನ್ನು ಸಣ್ಣ ವಿಷಯವೆಂದು ಬಿಡಬಾರದು. ನಾನು ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿದ್ದಾಗ, ಜರ್ಮನ್ ನಕ್ಷೆಯಲ್ಲಿ 12,500 ಮಿ.ಮೀ. ಎಂದಿದ್ದ ಅಳತೆಯನ್ನು ಹಾಗೆಯೇ ಎಕ್ಸೆಲ್‌ಗೆ ತುಂಬಿದ್ದರಿಂದ ಹನ್ನೆರಡೂವರೆ ಮಿಲಿಮೀಟರು ಹನ್ನೆರಡು ಸಾವಿರದ ಐನೂರು ಆಗಿಹೋಗಿತ್ತು. ಎಕ್ಸೆಲ್ ಯಾವ ಎಚ್ಚರಿಕೆಯನ್ನೂ ಕೊಡಲಿಲ್ಲ, ಏಕೆಂದರೆ ಅದರ ಕಣ್ಣಿಗೆ ಎರಡೂ ಸರಿಯಾದ ಸಂಖ್ಯೆಗಳೇ.

ಮೊದಲು ನಮ್ ಲಾಕ್ ಹಾಕಿ, ನೋಟ್‌ಪ್ಯಾಡ್ ತೆರೆದು, ನಂಬರ್ ಪ್ಯಾಡಿನ ಬಿಂದುವಿನ ಕೀಲಿಯನ್ನು ಒತ್ತಿ ನೋಡಿ. ಅಲ್ಪವಿರಾಮ ಬಂದರೆ ಕೀಲಿಮಣೆಯ ವಿನ್ಯಾಸ (ಲೇಔಟ್) ಜರ್ಮನ್ ಅಥವಾ ಅಂಥದ್ದೇ ಬೇರೊಂದು ಭಾಷೆಯದಾಗಿದೆ ಎಂದರ್ಥ. ವಿಂಡೋಸ್ ಕೀಲಿಯ ಜೊತೆ ಸ್ಪೇಸ್ ಒತ್ತಿ ಇಂಗ್ಲಿಷ್ ವಿನ್ಯಾಸಕ್ಕೆ ಬನ್ನಿ. ಪಟ್ಟಿಯಲ್ಲಿ ಅದು ಇಲ್ಲದಿದ್ದರೆ ಸೆಟ್ಟಿಂಗ್ಸ್‌ನ ಭಾಷೆಯ ವಿಭಾಗದಲ್ಲಿ ಸೇರಿಸಿಕೊಳ್ಳಿ.

ಇಲ್ಲಿಗೆ ಅರ್ಧ ಕೆಲಸ ಮಾತ್ರ ಆಗಿದೆ. ಕೀಲಿ ಯಾವ ಚಿಹ್ನೆಯನ್ನು ಕಳಿಸಬೇಕೆಂಬುದನ್ನು ವಿನ್ಯಾಸ ನಿರ್ಧರಿಸಿದರೆ, ಆ ಚಿಹ್ನೆಯನ್ನು ಏನೆಂದು ಓದಬೇಕೆಂಬುದನ್ನು ರೀಜನ್, ಅಂದರೆ ವಿಂಡೋಸ್‌ನಲ್ಲಿ ಆರಿಸಿದ ದೇಶದ ರೂಢಿ, ಎಂಬ ಬೇರೆಯೇ ವ್ಯವಸ್ಥೆ ನಿರ್ಧರಿಸುತ್ತದೆ. ಎಕ್ಸೆಲ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನಂಬರ್ ಪ್ಯಾಡಿನ ಕೀಲಿಯನ್ನು ವಿನ್ಯಾಸಕ್ಕೆ ಬಿಡದೆ ತನ್ನ ದಶಮಾಂಶ ಚಿಹ್ನೆಯನ್ನೇ ಇಡುತ್ತದೆ. ಹೀಗಾಗಿ ರೀಜನ್ ಜರ್ಮನ್ ಆಗಿದ್ದರೆ ನಂಬರ್ ಪ್ಯಾಡಿನಿಂದ ಒತ್ತಿದ ಅಂಕಿ ಸರಿಯಾಗಿ ಕೂರುತ್ತದೆ, ಆದರೆ ಮೇಲಿನ ಸಾಲಿನ ಅಂಕಿಗಳನ್ನೂ ಅಕ್ಷರಗಳ ಪಕ್ಕದ ಬಿಂದುವನ್ನೂ ಬಳಸಿ 12.5 ಎಂದು ಬರೆದವರಿಗೆ ಮೇ 12ನೇ ತಾರೀಕು ಕಾಣುತ್ತದೆ! ಜರ್ಮನರು ದಿನಾಂಕವನ್ನು ಬಿಂದುವಿನಿಂದ ಬಿಡಿಸಿ ಬರೆಯುವುದೇ ಇದಕ್ಕೆ ಕಾರಣ.

ಆದ್ದರಿಂದ ಕಂಟ್ರೋಲ್ ಪ್ಯಾನೆಲ್‌ನಲ್ಲಿ ರೀಜನ್ ತೆರೆದು ಅಡಿಷನಲ್ ಸೆಟ್ಟಿಂಗ್ಸ್ ಒತ್ತಿ. ಡೆಸಿಮಲ್ ಸಿಂಬಲ್ ಎಂಬಲ್ಲಿ ಬಿಂದುವನ್ನೂ ಡಿಜಿಟ್ ಗ್ರೂಪಿಂಗ್ ಸಿಂಬಲ್ ಎಂಬಲ್ಲಿ ಅಲ್ಪವಿರಾಮವನ್ನೂ ಇಡಿ. ಕೆಳಗಿನ ಡಿಜಿಟ್ ಗ್ರೂಪಿಂಗ್‌ನಲ್ಲಿ 12,34,56,789 ಎಂಬ ಮಾದರಿಯನ್ನು ಆರಿಸಿದರೆ ಲಕ್ಷ, ಕೋಟಿಗಳು ನಮ್ಮ ರೀತಿಯಲ್ಲೇ ಬಿಡಿಬಿಡಿಯಾಗಿ ಕಾಣುತ್ತವೆ. ಬಳಿಕ ಎಕ್ಸೆಲ್‌ನ ಆಪ್ಷನ್ಸ್‌ನಲ್ಲಿ ಅಡ್ವಾನ್ಸ್ಡ್ ವಿಭಾಗಕ್ಕೆ ಹೋಗಿ, ಯೂಸ್ ಸಿಸ್ಟಮ್ ಸೆಪರೇಟರ್ಸ್ ಎಂಬುದಕ್ಕೆ ಗುರುತು ಇದೆಯೇ ಎಂದು ನೋಡಿ. ಇಲ್ಲದಿದ್ದರೆ ಇಷ್ಟೂ ಶ್ರಮ ಎಕ್ಸೆಲ್‌ಗೆ ತಲುಪುವುದಿಲ್ಲ.

ಎಕ್ಸೆಲ್ ಬದಲು ಲಿಬ್ರೆ ಆಫೀಸ್ ಎಂಬ ಉಚಿತ ತಂತ್ರಾಂಶ ಬಳಸುವವರು ಅದರ ಭಾಷಾ ಆಯ್ಕೆಗಳಲ್ಲಿ ಡೆಸಿಮಲ್ ಸೆಪರೇಟರ್ ಕೀ ಎಂಬ ಸಾಲನ್ನು ಹುಡುಕಿ. ಗುರುತು ಹಾಕಿದರೆ ಕೀಲಿ ಆಯ್ದ ದೇಶದ ರೂಢಿಯನ್ನು ಅನುಸರಿಸುತ್ತದೆ, ತೆಗೆದರೆ ಕೀಲಿಮಣೆಯ ವಿನ್ಯಾಸವನ್ನು.

ಹೊರಗಿನಿಂದ ಬಂದ ಸಿಎಸ್‌ವಿ ಕಡತವನ್ನು, ಅಂದರೆ ಕಾಲಂಗಳನ್ನು ಚಿಹ್ನೆಯಿಂದ ಬಿಡಿಸಿಟ್ಟ ಸರಳ ಪಠ್ಯದ ಕಡತವನ್ನು, ಮಾತ್ರ ಎರಡು ಬಾರಿ ಒತ್ತಿ ನೇರವಾಗಿ ತೆರೆಯಬೇಡಿ. ಜರ್ಮನ್ ಕಡತದಲ್ಲಿ ಅಲ್ಪವಿರಾಮ ದಶಮಾಂಶಕ್ಕೆ ಮೀಸಲಾದ್ದರಿಂದ ಕಾಲಂಗಳ ನಡುವೆ ಸಾಮಾನ್ಯವಾಗಿ ಅರ್ಧವಿರಾಮ (;) ಇರುತ್ತದೆ. ಲಿಬ್ರೆ ಆಫೀಸ್‌ನಲ್ಲಿ ತೆರೆಯುವಾಗ ಬರುವ ಕಿಟಕಿಯಲ್ಲಿ ಭಾಷೆಯನ್ನು ಜರ್ಮನ್ ಎಂದೂ ವಿಭಾಜಕವನ್ನು ಅರ್ಧವಿರಾಮವೆಂದೂ ಆರಿಸಿದರೆ 12,500 ಹನ್ನೆರಡೂವರೆಯಾಗಿಯೇ ಒಳಗೆ ಬರುತ್ತದೆ.