ಪ್ಯಾರಿಸ್‌ಗೆ ಬೆಳಗ್ಗೆ ಇಳಿಯುವವರು ಆ ದಿನದ ದೊಡ್ಡ ಊಟ ಮಧ್ಯಾಹ್ನಕ್ಕೇ ಇಟ್ಟುಕೊಳ್ಳಿ

ಮಕ್ಕಳು, ಹಿರಿಯರ ಜೊತೆ ಪ್ಯಾರಿಸ್‌ಗೆ ಬೆಳಗಿನ ವಿಮಾನದಲ್ಲಿ ಹೋಗುತ್ತಿದ್ದರೆ, ಹೋಟೆಲ್‌ಗೆ ನಡೆದು ಹೋಗುವಷ್ಟು ಹತ್ತಿರದ ರೆಸ್ಟೋರೆಂಟ್‌ನಲ್ಲಿ ಮಧ್ಯಾಹ್ನ 12:30ಕ್ಕೆ ಟೇಬಲ್ ಮೊದಲೇ ಬುಕ್ ಮಾಡಿಡಿ. ರೂಮು ಸಾಮಾನ್ಯವಾಗಿ 2 ಅಥವಾ 3 ಗಂಟೆಯವರೆಗೆ ಸಿಗುವುದಿಲ್ಲ, ಆದರೆ ಬ್ಯಾಗುಗಳನ್ನು ರಿಸೆಪ್ಷನ್‌ನಲ್ಲಿ ಇಟ್ಟುಕೊಳ್ಳುತ್ತಾರೆ. ಕೈಬೀಸಿಕೊಂಡು ಊಟಕ್ಕೆ ಹೋಗಬಹುದು. ಅಲ್ಲಿ ಬಹಳಷ್ಟು ಅಡುಗೆಮನೆಗಳು ಎರಡು, ಎರಡೂವರೆಗೆ ಮುಚ್ಚಿದರೆ ಮತ್ತೆ ತೆರೆಯುವುದು ಸಂಜೆ ಏಳರ ಮೇಲೆ. ಅಷ್ಟು ಹೊತ್ತಿಗೆ ಮಕ್ಕಳು ಕೂತಲ್ಲೇ ತೂಕಡಿಸುತ್ತಿರುತ್ತಾರೆ, ಅಲ್ವಾ? ಇನ್ನೊಂದು ಲಾಭವೂ ಇದೆ. ವಾರದ ದಿನಗಳಲ್ಲಿ ಮಧ್ಯಾಹ್ನ ಮಾತ್ರ ಸಿಗುವ 'ಫಾರ್ಮ್ಯೂಲ್' ಇರುತ್ತದೆ, ಅಂದರೆ ಎರಡು ಅಥವಾ ಮೂರು ಬಗೆ ಸೇರಿಸಿ ಒಂದೇ ಬೆಲೆ. ಬಾಗಿಲ ಬಳಿ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟಿರುತ್ತಾರೆ. ಅದೇ ಅಡುಗೆಯವರ ಕೈರುಚಿ, ರಾತ್ರಿಗಿಂತ ಕಡಿಮೆ ದುಡ್ಡಿಗೆ. ನೀರಿಗೆ 'ಕರಾಫ್ ದೋ' ಅಂತ ಕೇಳಿ, ನಲ್ಲಿ ನೀರನ್ನು ಹೂಜಿಯಲ್ಲಿ ಉಚಿತವಾಗಿ ತಂದಿಡುತ್ತಾರೆ. ಸುಮ್ನೆ 'ವಾಟರ್' ಅಂದರೆ ದುಡ್ಡಿನ ಬಾಟಲಿ ಬರುವುದೇ ಜಾಸ್ತಿ. ಸರ್ವೀಸ್ ಬಿಲ್ಲಿನಲ್ಲೇ ಸೇರಿರುತ್ತದೆ, ಟಿಪ್ಸ್ ಕೊಡುವುದು ನಿಮ್ಮಿಷ್ಟ. ಸಸ್ಯಾಹಾರಿಗಳಿದ್ದರೆ ಬುಕ್ ಮಾಡುವಾಗಲೇ ಬರೆದು ಕೇಳಿ, ಫಾರ್ಮ್ಯೂಲ್‌ನಲ್ಲಿ ಆಯ್ಕೆ ಕಡಿಮೆ. ಭಾನುವಾರ, ಸೋಮವಾರ ಮತ್ತು ಆಗಸ್ಟ್‌ನಲ್ಲಿ ಈ ಉಪಾಯ ಕೈಕೊಡಬಹುದು, ಆಗ ಸಣ್ಣ ರೆಸ್ಟೋರೆಂಟ್‌ಗಳು ಎಷ್ಟೋ ಮುಚ್ಚಿರುತ್ತವೆ. ವಿಮಾನ ಹನ್ನೊಂದರ ಮೇಲೆ ಇಳಿಯುವುದಾದರೆ ಬುಕ್ ಮಾಡಲು ಹೋಗಲೇಬೇಡಿ. 'ಸರ್ವೀಸ್ ಕೊಂಟಿನ್ಯು' (ಅಂದರೆ ಮಧ್ಯೆ ಅಡುಗೆಮನೆ ಮುಚ್ಚುವುದಿಲ್ಲ) ಅಂತ ಬರೆದಿರುವ ಬ್ರಾಸರಿ, ಅಂದರೆ ಅಲ್ಲಿನ ಒಂದು ಬಗೆಯ ರೆಸ್ಟೋರೆಂಟ್, ಹುಡುಕಿ, ಅಲ್ಲಿ ನಾಲ್ಕು ಗಂಟೆಗೂ ಬಿಸಿ ಊಟ ಸಿಗುತ್ತದೆ.